ಶರಣಮ್ಮನ ಸಹಿ

ಮರಾಠಿ ಸೀಮೆಯ ನೆರೂಳಿನ ನಮ್ಮ ಕಾಲೇಜಿನ ಗೇಟಿನಲ್ಲಿ ಹೆಸರು ಬರೆಯದೆ ಒಳಗೆ ಬರುತ್ತಿದ್ದ ಹೊರಗಿನವಳೆಂದರೆ ಶರಣಮ್ಮ ಒಬ್ಬಳೇ. ವಾಚ್‌ಮನ್ ಮಾಮಾ ರಿಜಿಸ್ಟರ್ ಮುಂದೆ ತಳ್ಳಿ "ಮಾವಶಿ, ನಾವ್ ಲಿಹಾ" ಎಂದು, ಚಿಕ್ಕಮ್ಮಾ ಹೆಸರು ಬರೆಯಿರಿ ಎಂದು, ಮರಾಠಿಯಲ್ಲಿ ಹೇಳಿದರೆ, ಆಕೆ ಗಂಟು ಬಿಚ್ಚಿ ಒಂದು ಜೋಳದ ರೊಟ್ಟಿ ಅವನ ಕೈಗಿಟ್ಟು ಕನ್ನಡದಲ್ಲೇ ಹೇಳುವಳು: "ಹೊರಗಿನವ್ರು ಬಂದ್ರ ಹೆಸರು ಬರಸ್ಕೋರಿ ಮಾಮಾ. ಮನಿ ಮಗಳು ಬಂದ್ರ ಬರಸ್ಕೋತಾರೇನು?" ಅವನಿಗೆ ಮಾತು ತಿಳಿಯುತ್ತಿರಲಿಲ್ಲ, ರೊಟ್ಟಿ ತಿಳಿಯುತ್ತಿತ್ತು.

ಈ 'ಮಗಳು' ಹುಟ್ಟಿದ್ದು ಒಂದು ಬೋರ್ಡಿನಿಂದ. ಕಳಂಬೋಲಿಯ ಕಬ್ಬಿಣ ಮಾರ್ಕೆಟ್ಟಿನ ಹಿಂದೆ, ಲೋಡಿಂಗ್ ಕೆಲಸಕ್ಕೆ ಕಲಬುರಗಿ ಕಡೆಯಿಂದ ಬಂದವರ ತಗಡಿನ ಮನೆಗಳಿದ್ದವು. ಯುನಿವರ್ಸಿಟಿಯ ಯೋಜನೆಯೊಂದರಲ್ಲಿ ನಮ್ಮ ಕಾಲೇಜು ಆ ವಸ್ತಿಯನ್ನು ಆರಿಸಿಕೊಂಡು, ಮರಾಠಿಯಲ್ಲಿ 'ದತ್ತಕ್ ವಸ್ತಿ' ಎಂದು ಬೋರ್ಡು ನೆಟ್ಟಿತು. ಕೆಲವು ವರ್ಷ ಹುಡುಗರನ್ನು ಕರೆದೊಯ್ದು, ಫೋಟೋ ತೆಗೆದು, ವರದಿ ಬರೆಯುವುದಷ್ಟೇ ಕಾಲೇಜಿನ ಲೆಕ್ಕದಲ್ಲಿ ಅದರ ಅರ್ಥ. ಅಲ್ಲೇ ವಾಸವಿದ್ದ ಶರಣಮ್ಮ ಅದನ್ನು ಯಾರಿಂದಲೋ ಓದಿಸಿಕೊಂಡು, ಹುಡುಗರನ್ನು ಕರೆತರುತ್ತಿದ್ದ ಅಧ್ಯಾಪಕಿಯಾದ ನನ್ನ ಬಳಿ ಬಂದಳು.

"ದತ್ತಕ್ ಅಂದ್ರ ನಮ್ಮ ದತ್ತು ಏನ್ರಿ ಬಾಯಾರ?"

"ಹೌದು ಶರಣಮ್ಮ, ದತ್ತು."

"ಹಂಗಾರ ನಡುವ ಬಿಟ್ಟು ಹೋಗಾಕ ಬರಂಗಿಲ್ಲ ನೋಡ್ರಿ."

ನಾನು ನಕ್ಕೆ. ಉಡುಪಿ ಕಡೆಯವಳಾದ ನಾನೊಬ್ಬಳೇ ಕಾಲೇಜಿನಲ್ಲಿ ಕನ್ನಡ ಬಲ್ಲವಳು. ಹಾಗಲ್ಲ ಎಂದು ತಿದ್ದಬೇಕಾದವಳೂ ನಾನೇ. ತಿದ್ದಲಿಲ್ಲ.

ಮಧ್ಯಾಹ್ನ ಅಲ್ಲಿನ ಹೆಂಗಸರಿಗೆ ಸಹಿ ಹಾಕಲು ಕಲಿಸುತ್ತಿದ್ದೆ. ಶರಣಮ್ಮನ 'ಶ' ಯಾವಾಗಲೂ ಉಲ್ಟಾ. ಬೈದರೆ, "ನಿಮ್ಮ ಕನ್ನಡ ಇಸ್ತ್ರಿ ಮಾಡಿ ಮಡಚಿಟ್ಟಂಗ ಅದರಿ. ನನ್ನದು ಉಟ್ಟು ಮುದ್ದಿ ಆಗ್ಯಾದ" ಎಂದು ನನ್ನನ್ನೇ ಗೇಲಿ ಮಾಡುವಳು. ಗಂಡ ಸತ್ತ ಮೇಲೆ ಮಾರ್ಕೆಟ್ಟಿನಲ್ಲಿ ಕಸ ಗುಡಿಸಿ ಬದುಕುತ್ತಿದ್ದ ಹೆಂಗಸು, ಒಂದು ದಿನವೂ ತರಗತಿ ತಪ್ಪಿಸಲಿಲ್ಲ.

ಕಾಲೇಜಿನ ಹುಡುಗರು ವಸ್ತಿಯ ಸರ್ವೇ ಶುರುಮಾಡಿದಾಗ ಯಾರೂ ಕಾಗದ ತೋರಿಸಲಿಲ್ಲ. ಶರಣಮ್ಮ ಮನೆಮನೆಗೆ ಹೋಗಿ ಟ್ರಂಕು ತೆಗೆಸಿದಳು. ರೇಷನ್ ಕಾರ್ಡು, ಹಳೆಯ ಲೈಟ್ ಬಿಲ್ಲು, ಎಲ್ಲವನ್ನೂ ಹುಡುಗರು ಬರೆದುಕೊಂಡರು. ಈ ಜನ ಎಷ್ಟು ಕಾಲದಿಂದ ಇಲ್ಲಿದ್ದಾರೆಂದು ಕಾಲೇಜು ಪತ್ರ ಕೊಡುತ್ತದೆ, ನಾಳೆ ಮನೆ ಕೆಡವಲು ಬಂದರೆ ಬದಲಿ ಮನೆ ಕೇಳಲು ಅದು ಬೇಕಾಗುತ್ತದೆ ಎಂದು ಮಾತು ಕೊಟ್ಟವಳು ನಾನು. ಪ್ರಿನ್ಸಿಪಾಲರು ನನಗೆ ಕೊಟ್ಟ ಮಾತು ಅದು. ನಂಬಿದೆ.

ಇನ್‌ಸ್ಪೆಕ್ಷನ್ ತಂಡ ಬಂತು. ಶರಣಮ್ಮ ಅವರಿಗೆ ಆರತಿ ಎತ್ತಿದಳು. ಕಾಲೇಜಿಗೆ ಒಳ್ಳೆಯ ಗ್ರೇಡು ಸಿಕ್ಕಿತು. ಮುಂದಿನ ತಿಂಗಳು ಬೋರ್ಡು ಕಿತ್ತು ಖಾರಘರದ ಇನ್ನೊಂದು ವಸ್ತಿಗೆ ಒಯ್ದರು. ಸರ್ವೇ ಫಾರ್ಮುಗಳು ಬೀರು ಸೇರಿದವು.

ಅದಾಗಿ ಮಳೆಗಾಲ ಕಳೆಯುವುದರೊಳಗೆ, ಮನೆ ಖಾಲಿ ಮಾಡಿ ಎಂಬ ನೋಟಿಸು ಹಿಡಿದು ಶರಣಮ್ಮ ಬಂದಳು. ಎಂದಿನಂತೆ ಹೆಸರು ಬರೆಯದೆ ಬಂದಳು. "ಪತ್ರ ಕೊಡ್ರಿ ಬಾಯಾರ, ಸೋಮವಾರ ಜೆಸಿಬಿ ಬರ್ತದಂತ" ಎಂದಳು. ಪ್ರಿನ್ಸಿಪಾಲರ ಕೋಣೆಗೆ ಓಡಿದೆ. "ಆ ಪ್ರಾಜೆಕ್ಟ್ ಮುಗಿದಿದೆ ಮ್ಯಾಡಮ್. ನಮಗ್ಯಾಕೆ ಕೋರ್ಟು ಕಚೇರಿ?" ಎಂದರು ಹಿಂದಿಯಲ್ಲಿ. ನನಗೆ ನೌಕರಿ ಬೇಕಿತ್ತು.

ಹೊರಗೆ ಬಂದು, "ಸಾಹೇಬರು ಊರಲ್ಲಿಲ್ಲ ಶರಣಮ್ಮ" ಎಂದೆ.

ಬಾಗಿಲ ಹಿಂದೆ ಅವರು ಫೋನಿನಲ್ಲಿ ನಗುವುದು ಇಬ್ಬರಿಗೂ ಕೇಳಿತು. ಶರಣಮ್ಮ ಬಾಗಿಲು ನೋಡಿದಳು, ನನ್ನನ್ನು ನೋಡಿದಳು.

"ಆಗ್ಲಿರಿ. ಖರೇನೇ ಮಗಳಾಗಿದ್ರ ಇಲ್ಲೇ ಜಗಳಾಡ್ತಿದ್ದೆ."

ಅಷ್ಟೇ ಹೇಳಿ ಹೋದಳು. ಮಂಗಳವಾರ ನಾನು ಕಳಂಬೋಲಿಗೆ ಹೋದಾಗ ಅಲ್ಲಿ ಚಪ್ಪಟೆಯಾದ ತಗಡು ಬಿಟ್ಟರೆ ಏನೂ ಇರಲಿಲ್ಲ. ತಳೋಜಾ ಕಡೆ ಹೋದರು ಎಂದರು ಕೆಲವರು, ಊರಿಗೇ ಹೋದರು ಎಂದರು ಇನ್ನು ಕೆಲವರು. ಹುಡುಕಿದೆ, ಸಿಗಲಿಲ್ಲ. ಸಿಕ್ಕಿದ್ದರೆ ಯಾವ ಮುಖ ಹೊತ್ತು ನಿಲ್ಲುತ್ತಿದ್ದೆನೋ.

ಬುಧವಾರ ಗೇಟಿನಲ್ಲಿ ವಾಚ್‌ಮನ್ ಮಾಮಾ ನನ್ನನ್ನು ತಡೆದು ರಿಜಿಸ್ಟರ್ ತೆರೆದ. ನೋಟಿಸು ಹಿಡಿದು ಬಂದ ದಿನ ಹೊರಗೆ ಹೋಗುವಾಗ ಮಾವಶಿ ತಾನಾಗಿಯೇ ಪೆನ್ನು ಕೇಳಿದಳಂತೆ. ಹೊರಗಿನವರ ಸಾಲಿನಲ್ಲಿ ಕನ್ನಡದಲ್ಲಿ ಬರೆದ ಹೆಸರು ಅದೊಂದೇ: ಶರಣಮ್ಮ. 'ಶ' ಸರಿಯಾಗಿತ್ತು.