ತೊಟ್ಟಿಗೆ ಬಿದ್ದ ಕಬ್ಬಿಣ

ಮತಾನ್ಸಾಸ್ ಊರಿನ ಆ ಬೀದಿಯಲ್ಲಿ ಯಾರ ಮನೆಯ ಫ್ಯಾನು ನಿಂತರೂ ಅದು ಬಂದು ಬೀಳುವುದು ಉಬಾಲ್ಡೊನ ಬಾಗಿಲಿಗೆ. ಸೋವಿಯತ್ ಕಾಲದ ಬಟ್ಟೆ ಒಗೆಯುವ ಯಂತ್ರದ ಮೋಟರು ಬಿಚ್ಚಿ ಫ್ಯಾನಿಗೆ ಜೋಡಿಸಿಕೊಡುವುದು ಅವನ ಕಸುಬು. ಗಾಳಿಯ ಜೊತೆಗೆ ವಿಮಾನ ಏರುವಂಥ ಸದ್ದೂ ಬರುತ್ತದೆ, ಆ ಸೆಕೆಯಲ್ಲಿ ಅದಕ್ಕೆ ಯಾರೂ ತಕರಾರು ಎತ್ತುವುದಿಲ್ಲ. ತಕರಾರು ಇದ್ದದ್ದೆಲ್ಲ ಅವನ ಮುಂಗೋಣೆಯ ಗಾಜಿನ ತೊಟ್ಟಿಯ ಮೇಲೆ. ಮುಚ್ಚಿಹೋದ ಅಂಗಡಿಯೊಂದರ ಗಾಜು ತಂದು ಅವನೇ ಅಂಟಿಸಿ ಮಾಡಿದ ತೊಟ್ಟಿ ಅದು. ಲೋಕದಲ್ಲಿ ಜನ ಮೀನಿಗಾಗಿ ತೊಟ್ಟಿ ಇಡುತ್ತಾರೆ, ಈ ಮಹಾನುಭಾವ ಇಟ್ಟದ್ದು ನೀರಲ್ಲಿ ಬೆಳೆಯುವ ಗಿಡಗಳಿಗಾಗಿ. ಮೀನುಗಳೇನೋ ಇದ್ದವು, ಬಾಡಿಗೆದಾರರ ಹಾಗೆ ಒಂದು ಮೂಲೆಗೆ ಸರಿದು ಬದುಕಿಕೊಂಡಿದ್ದವು.

"ಊರಿಗೆಲ್ಲ ಕಾಫಿಗೆ ಸಕ್ಕರೆ ಇಲ್ಲ, ನೀನು ಹುಲ್ಲಿಗೆ ಸಕ್ಕರೆ ತಿನ್ನಿಸ್ತಾ ಕೂತಿದೀಯ!" ಎಂದು ಎದುರುಮನೆಯಾಕೆ ಚುಚ್ಚುತ್ತಿದ್ದಳು.

"ಹುಲ್ಲಿಗಲ್ಲಮ್ಮ, ಸಕ್ಕರೆ ಈಸ್ಟಿಗೆ. ಈಸ್ಟು ಬಿಡೋ ಗಾಳಿ ಗಿಡಕ್ಕೆ," ಎಂದು ಉಬಾಲ್ಡೊ ಬಾಟಲಿ ಎತ್ತಿ ತೋರಿಸುತ್ತಿದ್ದ. ಆಕೆ ಮೂಗು ಮುರಿದುಕೊಂಡು ಹೋಗುತ್ತಿದ್ದಳು.

ಗಾಳಿ ಸಿಕ್ಕಿತು, ಬೆಳಕು ಸಿಕ್ಕಿತು, ಎರೆಹುಳದ ಗೊಬ್ಬರವೂ ಸಿಕ್ಕಿತು. ಸಿಗದೆ ಉಳಿದದ್ದು ಎಲೆಗೆ ಬಣ್ಣ ಕೊಡುವ ಕಬ್ಬಿಣ. ಯುಮುರಿ ಹೊಳೆಯ ಅಂಚಿನಿಂದ ತಂದ ಲುಡ್ವಿಗಿಯಾ ಗಿಡ ಹೊಳೆಯಲ್ಲಿ ಕೆಂಪಗಿದ್ದದ್ದು, ತೊಟ್ಟಿಗೆ ಬಂದಮೇಲೆ ಬರೀ ಹಳದಿ ಚಿಗುರು ಬಿಡತೊಡಗಿತು. ತುಕ್ಕು ಹಿಡಿದ ಮೊಳೆಗಳನ್ನು ಮರಳಲ್ಲಿ ಹೂತು ನೋಡಿದ. ಮೊಳೆ ಕರಗಲಿಲ್ಲ, ಚಿಗುರು ತಿರುಗಲಿಲ್ಲ.

ಅವನ ಗೆಳೆಯ ಫೆರ್ಮಿನ್ ಇನ್ನೊಬ್ಬ ತೊಟ್ಟಿಯ ಹುಚ್ಚ, ಊರಿನ ತೊಟ್ಟಿಗಾರರ ಸಂಘವನ್ನು ನಡೆಸುವವನೂ ಅವನೇ. ಅವನು ಮೊಳೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಲೋ ಮಾರಾಯ, ನೀನು ಮೊಳೆ ತಿಂತೀಯೇನೋ? ಮನುಷ್ಯರಿಗೆ ಜೀರ್ಣ ಆಗೋ ಕಬ್ಬಿಣ ಆಗ್ಬೇಕು. ಬಸಿರಿಯರಿಗೆ ದವಾಖಾನೇಲಿ ಕೊಡ್ತಾರಲ್ಲ, ಆ ಮಾತ್ರೆ!"

ಬಸಿರಿ ಮನೆಯಲ್ಲೇ ಇದ್ದಳು. ಉಬಾಲ್ಡೊನ ಒಬ್ಬಳೇ ಮಗಳು ಯುಸಿಮಿ. ಗಂಡ ಮೀನು ಹಡಗಿನಲ್ಲಿ ಕಡಲ ಮೇಲಿದ್ದ, ಅವಳು ಅಪ್ಪನ ಮನೆಯಲ್ಲಿ. ಫೆರ್ಮಿನ್ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಒಳಗಿನಿಂದ ಮಾತ್ರೆಯ ಪೊಟ್ಟಣ ತಂದು ಅಪ್ಪನ ಕೈಗೆ ತುರುಕಿದಳು.

"ತಗೋ ಅಪ್ಪಾ. ನಂಗಂತೂ ನುಂಗಿದ್ರೆ ವಾಂತಿ. ನಿನ್ನ ಹುಲ್ಲು ವಾಂತಿ ಮಾಡ್ಕೊಳಲ್ಲ."

"ನಿಂಗೆ ಬೇಡ್ವೇನೆ?"

"ಅವ್ರು ಎಲ್ರಿಗೂ ಕೊಡ್ತಾರೆ, ಬೇಕಾಗ್ಲಿ ಬೇಡವಾಗ್ಲಿ."

ನಂಬಬಾರದಿತ್ತು. ಆದರೆ ನಂಬಿದರೆ ಲಾಭವಿದ್ದ ಮಾತನ್ನು ಯಾರು ತಾನೇ ಕೆದಕಿ ನೋಡುತ್ತಾರೆ? ಮಾತ್ರೆ ಅರೆದು, ನೀರಲ್ಲಿ ಕದಡಿ, ಎರಡು ಹನಿ ನಿಂಬೆರಸ ಬೆರೆಸಿ ತೊಟ್ಟಿಗೆ ಬಿಟ್ಟ. ತಿಂಗಳೊಳಗೆ ಲುಡ್ವಿಗಿಯಾದ ಚಿಗುರು ದಾಳಿಂಬೆಯ ಬಣ್ಣಕ್ಕೆ ತಿರುಗಿತು. ಫ್ಯಾನು ಕೊಡಲು ಬಂದವರು ಫ್ಯಾನು ಮರೆತು ಗಾಜಿಗೆ ಮುಖ ಅಂಟಿಸಿ ನಿಂತರು. ಸಂಘದ ಸ್ಪರ್ಧೆ ಹತ್ತಿರ ಬರುತ್ತಿತ್ತು, ತೀರ್ಪುಗಾರರು ಮನೆಮನೆಗೆ ಬಂದು ಕಾಫಿ ಕುಡಿದು ತೊಟ್ಟಿ ನೋಡುವ ಪದ್ಧತಿ. ಹೆಂಡತಿ ತೀರಿಕೊಂಡಾಗಿನಿಂದ ಶಿಳ್ಳೆ ಮರೆತಿದ್ದ ಉಬಾಲ್ಡೊ ಮತ್ತೆ ಶಿಳ್ಳೆ ಹಾಕತೊಡಗಿದ.

ಶಿಳ್ಳೆ ಹಾಕುತ್ತಿದ್ದಾಗಲೇ ಒಂದು ಬೆಳಗ್ಗೆ ಮೂಲೆಯ ದವಾಖಾನೆಯ ಡಾಕ್ಟರು ನೊರೈದಾ ಮನೆಗೆ ಬಂದಳು. ಯುಸಿಮಿಯನ್ನು ಬಾಗಿಲ ಬೆಳಕಿಗೆ ಕೂರಿಸಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದಳು. ಹುಬ್ಬು ಗಂಟಾಯಿತು.

"ರಕ್ತ ಪರೀಕ್ಷೇಲೂ ಇದೇ ಬಂದಿದೆ. ಹಿಮೋಗ್ಲೋಬಿನ್ ಇಳೀತಾ ಇದೆ. ಮಾತ್ರೆ ತಗೊಳ್ತಿದೀಯ ತಾನೇ?"

"ದಿನಾ ತಗೊಳ್ತೀನಿ ಡಾಕ್ಟ್ರೇ," ಎಂದಳು ಯುಸಿಮಿ, ಅಪ್ಪನನ್ನೇ ನೋಡುತ್ತ.

ಉಬಾಲ್ಡೊ ಲೆಕ್ಕ ಹಾಕಿದ. ಬಾಯಿ ಬಿಟ್ಟರೆ ಮಗಳು ಸುಳ್ಳಿಯಾಗುತ್ತಾಳೆ, ತಾನು ಕಳ್ಳನಾಗುತ್ತಾನೆ. ಕೈಯಲ್ಲಿದ್ದ ಸ್ಕ್ರೂವನ್ನು ತಿರುಗಿಸತೊಡಗಿದ.

"ಮುಂದಿನ ಪರೀಕ್ಷೇಲಿ ಏರದಿದ್ರೆ ಸರ್ಕಾರದ ಬಸಿರಿಯರ ಮನೆಗೆ ಸೇರಿಸ್ಬೇಕಾಗತ್ತೆ, ಹೆರಿಗೆ ಆಗೋವರೆಗೂ ಅಲ್ಲೇ ಇರ್ಬೇಕು. ತಮಾಷೆ ಅಲ್ಲ. ಈ ರಕ್ತ ಇಟ್ಕೊಂಡು ಹೆರಿಗೆಗೆ ಹೋದ್ರೆ, ಸ್ವಲ್ಪ ರಕ್ತಸ್ರಾವ ಆದ್ರೂ ತಡ್ಕೊಳೋ ಶಕ್ತಿ ಇರಲ್ಲ," ಎಂದಳು ಡಾಕ್ಟರು. ಹೋಗುವಾಗ ತೊಟ್ಟಿಯ ಮುಂದೆ ಒಂದು ಗಳಿಗೆ ನಿಂತಳು. "ಎಷ್ಟು ಚೆನ್ನಾಗಿ ಕೆಂಪಾಗಿದೆ!"

ಆ ಮಾತು ಅವನಿಗೆ ಕಪಾಳಕ್ಕೆ ಹೊಡೆದಂತಾಯಿತು.

ಡಾಕ್ಟರು ಬೀದಿಯ ತಿರುವು ದಾಟುವ ಮೊದಲೇ ಉಳಿದ ಮಾತ್ರೆಗಳನ್ನೆಲ್ಲ ತಂದು ಮಗಳ ಮಡಿಲಿಗೆ ಸುರಿದ. "ಇನ್ಮೇಲೆ ಒಂದು ಮಾತ್ರೇನೂ ಆ ತೊಟ್ಟಿಗೆ ಬೀಳ್ಕೂಡದು. ನನ್ನೆದುರಿಗೇ ನುಂಗು."

"ನಿನ್ನೆದುರಿಗೆ ಬೇಡಪ್ಪಾ, ನೀನು ಹಾಗೆ ದಿಟ್ಟಿಸಿದ್ರೆ ಇನ್ನೂ ವಾಂತಿ ಬರತ್ತೆ. ಮಲಗೋ ಮುಂಚೆ ತಗೊಳ್ತೀನಿ. ಆಣೆ."

ಅವನು ಒಪ್ಪಿದ. ಕಬ್ಬಿಣ ನಿಂತಮೇಲೆ ಗಿಡ ಬಾಡುವುದು ಅವನಿಗೆ ಗೊತ್ತಿತ್ತು. ಹಳೆಯ ಎಲೆ ಹಾಗೇ ಇರುತ್ತದೆ, ಹೊಸ ಚಿಗುರು ಮಾತ್ರ ಹಳದಿಗೆ ತಿರುಗುತ್ತದೆ. ಸ್ಪರ್ಧೆ ಹೋಯಿತು ಅಂದುಕೊಂಡು ಮನಸ್ಸು ಗಟ್ಟಿ ಮಾಡಿಕೊಂಡ.

ಆದರೆ ಚಿಗುರು ಹಳದಿಯಾಗಲಿಲ್ಲ.

ಒಂದು ವಾರ ಕಳೆಯಿತು, ಇನ್ನೊಂದು ಕಳೆಯಿತು. ತುದಿಯಲ್ಲಿ ಹೊಸದಾಗಿ ಬಿಚ್ಚಿಕೊಂಡ ಎಲೆ ಮೊದಲಿಗಿಂತ ಕೆಂಪಗಿತ್ತು. ಉಬಾಲ್ಡೊ ಫೆರ್ಮಿನ್‌ನನ್ನು ಹುಡುಕಿಕೊಂಡು ಹೋಗಿ ಕೇಳಿದ, "ನೀರಲ್ಲಿ ಕಬ್ಬಿಣ ಎಷ್ಟು ದಿನ ಉಳಿಯತ್ತೋ?"

"ಎಲ್ಲುಳಿಯತ್ತೆ? ಕೆಲವು ದಿನ, ಆಮೇಲೆ ತಳ ಸೇರತ್ತೆ. ನಿಲ್ಲಿಸಿ ಇಷ್ಟು ದಿನ ಆದ್ರೂ ಕೆಂಪಿದ್ಯಾ? ಅದೃಷ್ಟವಂತ ಕಣೋ ನೀನು!"

ಅದೃಷ್ಟವಂತ ಅಲ್ಲಿಂದ ಎದ್ದು ಓಡಿದ. ಮನೆಗೆ ಬಂದು ನೋಡಿದರೆ ಯುಸಿಮಿ ಫ್ಯಾನಿನ ಮುಂದೆ ಕೂತು ಮಲಂಗಾ ಗೆಡ್ಡೆಯ ಗಂಜಿ ಕುಡಿಯುತ್ತಿದ್ದಳು, ತುಟಿ ಕಾಗದದ ಹಾಗಿತ್ತು. ಹಳೆಯ ಕಬ್ಬಿಣ ಒಂದು ಚೂರೂ ಉಳಿಯದಿರಲಿ ಎಂದು ಅವನು ಬಕೆಟ್ಟು ಎತ್ತಿಕೊಂಡ. ದಿನ ಬಿಟ್ಟು ದಿನ ಬರುವ ನಲ್ಲಿಯ ನೀರು ಹಿಡಿದು, ಬಕೆಟ್ಟು ಬಕೆಟ್ಟಾಗಿ ಹೊತ್ತು, ತೊಟ್ಟಿಯ ನೀರನ್ನು ಪೂರ್ತಿ ಬದಲಿಸಿದ. "ಮನುಷ್ಯರಿಗೆ ಸ್ನಾನಕ್ಕೆ ನೀರಿಲ್ಲ, ಹುಲ್ಲಿಗೆ ಅಭ್ಯಂಜನ!" ಎಂದು ಎದುರುಮನೆಯಾಕೆ ಕೂಗಿದಳು. ಅವನಿಗೆ ಕೇಳಿಸಲೇ ಇಲ್ಲ. ಬದಲಿಸಿದ ನೀರಲ್ಲೂ ಮುಂದಿನ ಚಿಗುರು ಕೆಂಪಗೆ ಎದ್ದಿತು. ಕಲ್ಲಿನ ಹಿಂದೆ, ಮರಳಿನ ಮೇಲೆ, ಸರಿಯಾಗಿ ಕರಗದ ಕಂದು ಪುಡಿ ಕಂಡಿತು.

"ಯುಸಿಮೀ!"

ಅವಳು ಬಂದಳು. ಪುಡಿ ನೋಡಿದಳು. ನಗಲು ಹೋಗಿ ಆಗದೆ ಗೋಡೆಗೆ ಒರಗಿದಳು.

"ನುಂಗಿದ್ರೆ ಹೊರಗೆ ಬರತ್ತೆ ಅಪ್ಪಾ. ಡಾಕ್ಟ್ರಿಗೆ ಹೇಳಿದ್ರೆ ನನ್ನ ಅಲ್ಲಿ ಸೇರಿಸ್ತಾರೆ, ನೀನೊಬ್ನೇ ಆಗ್ತೀಯ. ಚರಂಡಿಗೆ ಹೋಗೋದು ಇಲ್ಲಿಗಾದ್ರೂ ಹೋಗ್ಲಿ ಅಂತ... ನೀನು ಶಿಳ್ಳೆ ಹಾಕ್ತಿದ್ದೆ. ಅಮ್ಮ ಹೋದ್ಮೇಲೆ ನಾನು ಅದನ್ನ ಕೇಳಿರ್ಲಿಲ್ಲ."

ಉಬಾಲ್ಡೊನಿಗೆ ಸಿಟ್ಟು ನೆತ್ತಿಗೇರಿತು, ಅದರ ಬೆನ್ನಿಗೇ ಅಳುವೂ ಬಂತು. "ನಾನೇನು ಈ ಹುಲ್ಲಿಗೆ ತಾತ ಆಗ್ಬೇಕಾಗಿಲ್ಲ ಕಣೇ!" ಎಂದು ಕಿರುಚಿದ. ಮೋಟರು ಬಿಚ್ಚುವ ಸುತ್ತಿಗೆ ಕೈಗೆ ಬಂತು, ಗಾಜಿನ ಮೇಲೆ ಎತ್ತಿಯೂ ಬಿಟ್ಟ. ಮೀನುಗಳು ಮೂಲೆಗೆ ಓಡಿದವು.

ಎತ್ತಿದ ಕೈ ಅಲ್ಲೇ ನಿಂತಿತು. ಈ ಹುಡುಗಿ ಇವತ್ತು ಆಣೆ ಇಡುತ್ತಾಳೆ, ಹಿಂದೆಯೂ ಇಟ್ಟಿದ್ದಳು. ನುಂಗುತ್ತಾಳೋ ಇಲ್ಲವೋ ತನಗೆ ಯಾರು ಹೇಳಬೇಕು? ಈ ಮನೆಯಲ್ಲಿ ಅವನಿಗೆ ಇಲ್ಲಿಯವರೆಗೆ ನಿಜ ಹೇಳಿದ್ದು ಆ ಗಿಡ ಒಂದೇ. ಸುತ್ತಿಗೆ ಕೆಳಗಿಟ್ಟ.

ಅಂದೇ ಮಗಳ ಕೈ ಹಿಡಿದು ದವಾಖಾನೆಗೆ ನಡೆದ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ನೊರೈದಾ ಇಬ್ಬರನ್ನೂ ಚೆನ್ನಾಗಿ ಬೈದಳು. "ವಾಂತಿ ಆದ್ರೆ ನಂಗೆ ಹೇಳ್ಬೇಕು, ಮೀನಿಗಲ್ಲ!" ಮಾತ್ರೆಯನ್ನು ಅರ್ಧರ್ಧ ಮಾಡಿ, ಹೊಟ್ಟೆ ತುಂಬಿದ ಮೇಲೆ ಪೇರಲ ರಸದ ಜೊತೆ ಕೊಡಲು ಹೇಳಿದಳು. ಮುಂದಿನ ಪರೀಕ್ಷೆಯವರೆಗೆ ಮನೆಯಲ್ಲಿರಲಿ ಎಂದು ಬಿಟ್ಟುಕೊಟ್ಟಳು.

ಅಲ್ಲಿಂದ ಶುರುವಾಯಿತು ಅವನ ಕಾವಲು. ಊಟವಾದ ಮೇಲೆ ಯುಸಿಮಿ ರಸದ ಲೋಟ ಹಿಡಿದು ಒಳಗೆ ಹೋಗುತ್ತಿದ್ದಳು. ಅವನು ಹಿಂದೆ ಹೋಗದೆ ಗಾಜಿನ ಮುಂದೆ ಕೂರುತ್ತಿದ್ದ. ಇಷ್ಟು ಕಾಲ ಕೆಂಪಿಗಾಗಿ ಹಂಬಲಿಸಿದ ಮನುಷ್ಯ ಈಗ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಹಳದಿಗಾಗಿ ಕಾಯುತ್ತಿದ್ದ. ಎಲೆ ಕೆಂಪಗಿದ್ದಷ್ಟು ದಿನ ಊಟದ ತಟ್ಟೆಯನ್ನೂ ಅಲ್ಲಿಗೇ ತಂದುಕೊಂಡ. ಹಳೆಯ ಕಬ್ಬಿಣ ಇನ್ನೂ ಉಳಿದಿರಬಹುದೇ, ಇಲ್ಲ ಹೊಸದು ಬೀಳುತ್ತಿದೆಯೇ? ಕರೆಂಟು ಹೋದಾಗ ಟಾರ್ಚು ಹಿಡಿದು ನೋಡಿದ. ತಿರುಗಿಸಬೇಕಾದ ಸ್ಕ್ರೂ ತಿರುಗಿಸದೆ ಬಿಟ್ಟದ್ದಕ್ಕೆ ಒಂದೆರಡು ಫ್ಯಾನು ಸುಟ್ಟುಹೋದವು.

ಸ್ಪರ್ಧೆಯ ದಿನ ಫೆರ್ಮಿನ್ ಇಬ್ಬರು ತೀರ್ಪುಗಾರರನ್ನು ಕರೆದುಕೊಂಡು ಬಂದ. ಉಬಾಲ್ಡೊ ನೆಲದ ಮೇಲೆ ಕೂತು ಗಾಜಿಗೆ ಮೂಗು ಒತ್ತಿಕೊಂಡಿದ್ದ, ತಿರುಗಿ ನೋಡಲಿಲ್ಲ. ಫೆರ್ಮಿನ್ ಬಗ್ಗಿ ನೋಡಿದ. ಲುಡ್ವಿಗಿಯಾದ ತುದಿಯಲ್ಲಿ, ಪ್ರತಿ ಕವಲಿನಲ್ಲೂ, ಹೊಸ ಎಲೆಗಳು ಪೇಲವವಾಗಿ, ಹಳದಿಯಾಗಿ, ನರ ಮಾತ್ರ ಹಸಿರಾಗಿ ಬಿಚ್ಚಿಕೊಂಡಿದ್ದವು. ತೀರ್ಪುಗಾರರು ಮುಖ ಮುಖ ನೋಡಿಕೊಂಡರು.

"ಅಯ್ಯೋ, ಪೂರ್ತಿ ಹಾಳಾಯ್ತಲ್ಲೋ!" ಎಂದ ಫೆರ್ಮಿನ್.

"ಹಾಳಾಯ್ತು ಕಣೋ," ಎಂದ ಉಬಾಲ್ಡೊ. ಅವನ ಕೆನ್ನೆ ಒದ್ದೆಯಾಗಿತ್ತು. "ನೋಡು, ಈ ಎಲೇನೂ ಹೋಯ್ತು. ಅದೂ ಹೋಯ್ತು."

ಒಳಗೆ ಯುಸಿಮಿ ಬಂದವರಿಗೆ ಕಾಫಿ ಸೋಸುತ್ತಿದ್ದಳು. ರಕ್ತ ಪರೀಕ್ಷೆ ಇನ್ನೂ ಬಾಕಿ ಇತ್ತು. ಮುಂಗೋಣೆಯಿಂದ ಅಪ್ಪ ಶಿಳ್ಳೆ ಹಾಕುವುದು ಕೇಳಿ ಅವಳ ಕೈ ಅರೆಗಳಿಗೆ ನಿಂತಿತು.