ದೊಡ್ಡಪ್ಪನ ಮಣಿಕಟ್ಟು, ನನ್ನ ಮಣಿಕಟ್ಟು

ದೊಡ್ಡಪ್ಪ ಹಿತ್ತಲ ಪಾಚಿಗಲ್ಲಿನ ಮೇಲೆ ಜಾರಿ ಬಲಗೈ ಮಣಿಕಟ್ಟು ಮುರಿದುಕೊಂಡರು ಅಂತ ಅವ್ವ ಫೋನಿನಲ್ಲಿ ಹೇಳಿದಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: "ಎಲ್ಲಿಗೆ ಕರ್ಕೊಂಡೋದ್ರು?"

"ಹುಣಸೂರಿಗೆ ಕಣಪ್ಪ, ಆಸ್ಪತ್ರೆಗೆ. ಅವರೇ ಕಾರು ತರಿಸ್ಕೊಂಡ್ರು."

ನಗು ಬಂತು. ಒಳ್ಳೆಯ ನಗುವಲ್ಲ.

ಮೂರು ವರ್ಷದ ಹಿಂದೆ ನಾನು ಬೈಕಿನಿಂದ ಬಿದ್ದು ಬಲ ಮಣಿಕಟ್ಟನ್ನೇ ಮುರಿದುಕೊಂಡಾಗ ಇದೇ ದೊಡ್ಡಪ್ಪ ನನ್ನನ್ನು ಎಚ್.ಡಿ. ಕೋಟೆ ಕಡೆಯ ನಾಟಿ ವೈದ್ಯನ ಹತ್ತಿರ ಎಳೆದುಕೊಂಡು ಹೋಗಿದ್ದರು. ಮೊದಲು ಎಕ್ಸರೇ ತೆಗೆಸೋಣ ಅಂದೆ. "ಕಾಲೇಜಲ್ಲಿ ಕಪ್ ಗೆದ್ದವ್ನು ನಮಗೆ ಮೂಳೆ ಪಾಠ ಏಳ್ತಾವ್ನೆ ನೋಡ್ಲಾ" ಅಂತ ಅಪ್ಪನ ಕಡೆ ತಿರುಗಿ ನಕ್ಕರು. ಅಣ್ಣನ ಮಾತಿಗೆ ಅಪ್ಪ ಎದುರಾಡಿದವರಲ್ಲ. ಚರ್ಚಾಸ್ಪರ್ಧೆಗಳಲ್ಲಿ ಎಷ್ಟೋ ಬಾಯಿ ಮುಚ್ಚಿಸಿದ ನಾನು ಆ ದಿನ ನೋವಿನಲ್ಲಿ ಒಂದು ವಾಕ್ಯವನ್ನೂ ಪೂರ್ತಿ ಮಾಡಲಿಲ್ಲ. ಬಿದಿರ ದಬ್ಬೆ, ಮೊಟ್ಟೆಯ ಲೋಳೆ, ಬಿಗಿದ ಬಟ್ಟೆ. ಮೂರನೇ ದಿನ ಬೆರಳು ನೀಲಿಯಾದವು. ಅವ್ವ ಕುಡುಗೋಲಿನಲ್ಲಿ ಕಟ್ಟು ಕೊಯ್ದು ಆಸ್ಪತ್ರೆಗೆ ಕರೆದೊಯ್ದಳು. ಆಮೇಲೆ ಆರು ವಾರ ಪ್ಲಾಸ್ಟರ್. ಇವತ್ತಿಗೂ ನನ್ನ ಅಂಗೈ ಪೂರ್ತಿ ಮೇಲ್ಮುಖವಾಗುವುದಿಲ್ಲ. ನಾನು ನಂಬದ ತೀರ್ಥ ಕೂಡ ಅಂಗೈಯಲ್ಲಿ ನಿಲ್ಲದೆ ಅರ್ಧ ಚೆಲ್ಲುತ್ತದೆ. ದೊಡ್ಡಪ್ಪ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆ ಒಂದು ಮಾತು ನನಗೆ ಬೇಕಿತ್ತು.

ಅವರ ಪ್ಲಾಸ್ಟರ್ ಬಿಚ್ಚಿದ ಮೇಲೆ ದೊಡ್ಡವ್ವ ಕರೆಸಿದರು. "ದಿನಕ್ಕೆ ಮೂರು ಸಲ ಕೈ ತಿರುಗಿಸ್ಬೇಕಂತೆ. ನೋವು ಅಂತ ಮಾಡಾಕಿಲ್ಲ. ನೀನು ಅನುಭವಿಸಿದೋನು, ಮಾಡ್ಸಪ್ಪ."

ದೊಡ್ಡವ್ವ ಒಳಗೆ ಹೋದದ್ದೇ ದೊಡ್ಡಪ್ಪ ಪಿಸುಗುಟ್ಟಿದರು: "ಮೂಳೆ ಕೂಡೈತೆ, ಇವೆಲ್ಲ ಯಾಕ್ಲಾ? ಬುಡಿ ಅಂತ ಅವಳಿಗೊಂದು ಮಾತೇಳು."

ಬಿಡಿ ಅಂದಿದ್ದರೆ ಸಾಕಿತ್ತು. ಆ ಕೈಯೂ ನನ್ನದರ ಹಾಗೆ ಸೆಟೆದು ನಿಲ್ಲುತ್ತಿತ್ತು. ಮಾತು ನಾಲಿಗೆಯ ತುದಿಗೆ ಬಂದಿತ್ತು, ಸುಳ್ಳು ಹೇಳಲಾರೆ. ಆದರೆ ಕೈ ಸೆಟೆದರೆ ಈ ಮನುಷ್ಯ "ಆಸ್ಪತ್ರೆ ಕಟ್ಟಿನ ಹಣೆಬರಹ ನೋಡಿ" ಅಂತ ಊರೆಲ್ಲ ಸಾರುತ್ತಾರೆ. ಎದುರಾಳಿಗೆ ಅಂಥ ಪಾಯಿಂಟ್ ಕೊಡುವಷ್ಟು ದಡ್ಡ ನಾನಲ್ಲ.

ಮೊಣಕೈ ಪಕ್ಕೆಗೆ ಒತ್ತಿಸಿ, ಕೈಗೆ ಸೌಟು ಕೊಟ್ಟು, ಅಂಗೈ ಮೇಲ್ಮುಖ ಮಾಡಿ ಅಂದೆ.

"ಅಯ್ಯೋ, ಸಾಕು ಬುಡ್ಲಾ, ಪ್ರಾಣ ಓಯ್ತದೆ!"

"ನಾಲ್ಕೇ ಆಗಿರೋದು ದೊಡ್ಡಪ್ಪ. ಡಾಕ್ಟ್ರು ಹತ್ತು ಬರ್ಕೊಟ್ಟವ್ರೆ."

ಒಂಬತ್ತನೇ ಸಲಕ್ಕೆ ಅವರ ಕಣ್ಣಲ್ಲಿ ನೀರು. ನನಗೆ ಹಿತವಾಗಿತ್ತು. ಆ ಹಿತಕ್ಕಾಗಿ ಒಂದು ದಿನವೂ ತಪ್ಪಿಸದೆ ಹೋದೆ.

ಕೈ ಚೆನ್ನಾಗಿ ತಿರುಗತೊಡಗಿತು. ಮಿರ್ಲೆಯಿಂದ ನೆಂಟರು ನೋಡಲು ಬಂದಾಗ ದೊಡ್ಡಪ್ಪ ಅಂಗೈಯನ್ನು ತಟ್ಟೆಯ ಹಾಗೆ ಚಾಚಿ ತೋರಿಸಿದರು. "ನಾಟಿ ಕಟ್ಟು ಅಂತ ಓಗಿದ್ರೆ ಕೈಯೇ ಓಗೋದು. ನಾನು ಸೀದಾ ಆಸ್ಪತ್ರೆಗೋದೆ."

ನನ್ನ ಕೈಯನ್ನು ಅವರ ಕೈ ಪಕ್ಕ ಇಟ್ಟೆ. ಎಷ್ಟು ತಿರುಗುತ್ತದೋ ಅಷ್ಟು ತಿರುಗಿಸಿದೆ.

"ಇದನ್ನ ಯಾರು ಕಟ್ಸಿದ್ದು, ಹೇಳಿ ದೊಡ್ಡಪ್ಪ."

ನೆಂಟರು ಕಾಫಿ ಲೋಟ ನೋಡಿಕೊಂಡರು.

"ಆಗ ನಂಗೇನ್ಲಾ ಗೊತ್ತಿತ್ತು?" ಅಂದರು ದೊಡ್ಡಪ್ಪ, ನೆಲ ನೋಡುತ್ತ.

ಚರ್ಚೆಯಲ್ಲಾದರೆ ಇದನ್ನು ಸೋಲು ಒಪ್ಪಿದ ಹಾಗೆ ಅಂತ ಬರೆದುಕೊಳ್ಳುತ್ತಾರೆ. ನನಗೆ ಸಾಲಲಿಲ್ಲ.

"ನಂಗೆ ಗೊತ್ತಿತ್ತು. ಹೇಳಿದ್ದೆ" ಅಂದೆ, ಎಲ್ಲರಿಗೂ ಕೇಳುವ ಹಾಗೆ.

ಅವರು ತಮ್ಮ ಕೈ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ನಾನು ನನ್ನದನ್ನು ತೆಗೆಯಲಿಲ್ಲ.