ಬುಧವಾರದ ಪಟ್ಟಿಯ ಆರನೇ ಸಾಲು

ವರ್ಲೀನ್ ಟ್ಯಾಕೆಟ್‌ಗೆ ಹೆದರದವರು ಆ ಕಣಿವೆಯಲ್ಲಿ ಕಡಿಮೆ. ಕೆಂಟಕಿಯ ಗುಡ್ಡದ ತಿರುವುಗಳಲ್ಲಿ ಮೂವತ್ತೊಂದು ವರ್ಷ ಶಾಲೆಯ ಬಸ್ಸು ಓಡಿಸಿದ ಹೆಂಗಸು ಅಂದರೆ ಸುಮ್ಮನೆಯೇ? ಅವಳ ಬಸ್ಸಿನಲ್ಲಿ ಬೈಸಿಕೊಂಡು ಬೆಳೆದವರೇ ಈಗ ಚರ್ಚಿನ ಹಿರಿಯರು. ಅರವತ್ತೇಳರ ವರ್ಲೀನ್ ಇವತ್ತಿಗೂ ಗಂಟಲು ಸರಿಮಾಡಿಕೊಂಡರೆ ಸಾಕು, ಅಷ್ಟೂ ಜನ ನೆಟ್ಟಗೆ ಕೂರುತ್ತಾರೆ.

ಚರ್ಚಿನಲ್ಲಿ ಅವಳ ಕೆಲಸ ಬುಧವಾರದ ಪ್ರಾರ್ಥನೆಯ ಪಟ್ಟಿ. ಯಾರಿಗೆ ಮಂಡಿನೋವು, ಯಾರ ಮಗ ಇನ್ನೂ ಕುಡಿತ ಬಿಟ್ಟಿಲ್ಲ, ಯಾರ ಎದೆಯಲ್ಲಿ ಗಣಿಯ ಧೂಳು ಕೂತಿದೆ, ಎಲ್ಲವನ್ನೂ ಬರೆದು, ಪ್ರತಿ ತೆಗೆದು, ಬೆಂಚಿಗೊಂದರಂತೆ ಇಡುವುದು. ಬಾಯಿಬಿಟ್ಟು ಹೇಳಲಾಗದ ಸಂಕಟ ಇದ್ದವರಿಗೂ ಅಲ್ಲೊಂದು ದಾರಿಯಿದೆ. ಕೈ ಎತ್ತಿ ‘ಹೇಳದ್ದು’ ಎಂದರೆ ಮುಗಿಯಿತು. ಪಟ್ಟಿಯಲ್ಲಿ ಹೆಸರಿನ ಮುಂದೆ ‘ಹೇಳದ್ದು’ ಎಂದಷ್ಟೇ ಬರುತ್ತದೆ. ದೇವರಿಗೆ ಗೊತ್ತಿದ್ದರೆ ಸಾಕು, ಮಿಕ್ಕವರು ಕೆದಕಿ ಕೇಳುವಂತಿಲ್ಲ.

ವರ್ಲೀನ್‌ಗೆ ಈ ‘ಹೇಳದ್ದು’ ಕಂಡರೆ ಮೈಯೆಲ್ಲ ಉರಿಯುತ್ತಿತ್ತು. “ದೇವರ ಮನೇಲಿ ಕೂತ್ಕೊಂಡು ಕಣ್ಣಾಮುಚ್ಚಾಲೆ ಆಡ್ತೀರಾ?” ಎನ್ನುತ್ತಿದ್ದಳು. “ನನ್ನ ನೋಡಿ. ಒಳಗೊಂದು ಹೊರಗೊಂದು ಇಲ್ಲವೇ ಇಲ್ಲ. ಇದ್ದದ್ದನ್ನ ಇದ್ದ ಹಾಗೆ ಹೇಳೋಳು ನಾನು.”

ಇದ್ದ ಹಾಗೆ ಅವಳು ಹೇಳುತ್ತಿದ್ದುದಾದರೂ ಏನು? ನಾಲ್ಕು ವರ್ಷದಿಂದ, ಪ್ರತಿ ಬುಧವಾರ, ಪಟ್ಟಿಯ ಆರನೇ ಸಾಲಿನಲ್ಲಿ ಒಂದೇ ಮಾತು: ‘ನನ್ನ ಅಕ್ಕ ಒಲೀಟಾ. ಅವಳ ಕಲ್ಲೆದೆ ಕರಗಲಿ.’

ಆ ಕಲ್ಲೆದೆಯ ಕಥೆ ಚರ್ಚಿಗೆಲ್ಲ ಬಾಯಿಪಾಠ. ತಾಯಿಗೆ ಲಕ್ವ ಹೊಡೆದಾಗ ಒಲೀಟಾ ಒಹಾಯೋದ ಕಾರ್ಖಾನೆ ಬಿಟ್ಟು ಬರಲಿಲ್ಲ. ಒಂಬತ್ತು ವರ್ಷ ವರ್ಲೀನ್ ಒಬ್ಬಳೇ ಬಸ್ಸಿಗೆ ಹೊರಡುವ ಮುಂಚೆ ಒಂದು ಸಲ, ಬಂದ ಮೇಲೆ ಒಂದು ಸಲ ತಾಯಿಯ ಮೈ ಒರೆಸಿ, ಮೆಕ್ಕೆಜೋಳದ ಬ್ರೆಡ್ಡನ್ನು ಮಜ್ಜಿಗೆಯಲ್ಲಿ ನೆನೆಸಿ ಚಮಚದಲ್ಲಿ ತಿನ್ನಿಸಿದಳು. ಒಲೀಟಾ ವರ್ಷಕ್ಕೊಮ್ಮೆ ಬಂದು, ಹೂವಿನ ಕುಂಡ ಇಟ್ಟು, ಸಂಜೆಯೊಳಗೆ ಹೊರಟುಬಿಡುತ್ತಿದ್ದಳು. ಇದಿಷ್ಟೂ ನಿಜ, ಒಂದಕ್ಷರ ಸುಳ್ಳಿಲ್ಲ. ಆದರೆ ಚರ್ಚಿಗೆ ಗೊತ್ತಿಲ್ಲದ್ದೂ ಒಂದಿತ್ತು. ತಾಯಿಯನ್ನು ಮಣ್ಣುಮಾಡಿದಾಗಿನಿಂದ ಒಲೀಟಾ ಪ್ರತಿ ಭಾನುವಾರ ಫೋನ್ ಮಾಡುತ್ತಿದ್ದಳು. ವರ್ಲೀನ್ ಅಕ್ಕನ ಹೆಸರು ನೋಡಿ, ಪಾತ್ರೆ ತೊಳೆಯುತ್ತಾ, ಅದು ಬಡಿದುಕೊಂಡು ಸುಮ್ಮನಾಗುವವರೆಗೆ ಬೆನ್ನು ತಿರುಗಿಸಿ ನಿಲ್ಲುತ್ತಿದ್ದಳು.

ಚರ್ಚಿನ ಬೋಧಕ ಬ್ರದರ್ ಡೆನ್ವರ್ ಕೂಡ ಅವಳ ಬಸ್ಸಿನ ಹುಡುಗನೇ. ಒಮ್ಮೆ ಧೈರ್ಯ ಮಾಡಿ ಕೇಳಿದ್ದ: “ಸಿಸ್ಟರ್ ವರ್ಲೀನ್, ಅಕ್ಕನಿಗೆ ಇಷ್ಟು ವರ್ಷ ಬೇಡ್ಕೊಂಡ್ವಿ. ನಿಮಗೋಸ್ಕರ ಏನು ಬೇಡ್ಕೊಳ್ಳೋಣ?”

“ನಂಗೇನಾಗಿದೆಯಪ್ಪಾ ಧಾಡಿ? ಗುಂಡುಕಲ್ಲಿನ ಹಾಗಿದೀನಿ.”

“ನಾನೂ ಅದನ್ನೇ ಅಂದ್ಕೊಂಡೆ,” ಎಂದು ಅವನು ಹೊರಟುಹೋದ. ಅವನು ಚುಚ್ಚಿದ್ದು ಅವಳಿಗೆ ಗೊತ್ತಾಗಿದ್ದು ಮನೆಗೆ ಹೋದ ಮೇಲೆ. ಆಮೇಲೆ ಎರಡು ದಿನ ಅವಳ ಮೂಗಿನ ತುದಿಯಲ್ಲೇ ಕೋಪ.

ಅಕ್ಟೋಬರಿನ ಒಂದು ಬುಧವಾರ, ಸಂಜೆ ಆರೂವರೆಗೆ, ಪ್ರಾರ್ಥನೆ ಇನ್ನೇನು ಶುರುವಾಗಬೇಕು, ಹಿಂದಿನ ಬಾಗಿಲು ತೆರೆಯಿತು. ಊರುಗೋಲು ಹಿಡಿದ ಮುದುಕಿಯೊಬ್ಬಳು ಒಳಗೆ ಬಂದು ಕೊನೆಯ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿದ್ದ ಕಿವುಡಿ ಅರ್ಬ್ಯೂಟಸ್ ಅಜ್ಜಿ, ಪಾಪ, ಬಂದವರಿಗೆ ಮರ್ಯಾದೆ ಮಾಡಬೇಕೆಂದು ಪಟ್ಟಿ ತೆಗೆದು ಕೈಗಿಟ್ಟಳು.

ಬಂದವಳು ಒಲೀಟಾ, ಫೋನ್ ಎತ್ತದ ತಂಗಿಯನ್ನು ಹುಡುಕಿಕೊಂಡು. ವರ್ಲೀನ್ ಮುಂದಿನ ಸಾಲಿನಿಂದ ಹೊರಳಿ ನೋಡಿದಳು. ಅಕ್ಕನ ಬೆರಳು ಪಟ್ಟಿಯ ಮೇಲೆ ಒಂದೊಂದೇ ಸಾಲು ಇಳಿಯಿತು. ಆರಕ್ಕೆ ಬಂದು ನಿಂತಿತು. ಒಲೀಟಾ ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಅದೇ ಸಾಲನ್ನು ಇನ್ನೊಮ್ಮೆ ಓದಿದಳು. ಮಿಕ್ಕವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಳ್ಳತೊಡಗಿದರು.

“ಇವತ್ತು ಯಾರದಾದ್ರೂ ಕೋರಿಕೆ ಇದೆಯಾ?” ಎಂದ ಡೆನ್ವರ್, ಪಾಪ, ಬೆವರುತ್ತಾ.

ವರ್ಲೀನ್ ಕೈ ಎತ್ತಿದಳು. ನಾಲಿಗೆಯ ತುದಿಯಲ್ಲಿ ಆ ಪದ ಬಂದು ಕೂತಿತ್ತು. ‘ಹೇಳದ್ದು’ ಎಂದುಬಿಟ್ಟರೆ ಯಾರೂ ಕೇಳುವಂತಿಲ್ಲ. ಅಕ್ಕ ಎದ್ದು ಹೋಗುತ್ತಾಳೆ, ಇನ್ನು ಈ ಜನ್ಮದಲ್ಲಿ ಬರುವುದಿಲ್ಲ, ಫೋನೂ ಬಡಿದುಕೊಳ್ಳುವುದಿಲ್ಲ. ಇಷ್ಟು ವರ್ಷ ಹೀಯಾಳಿಸಿದ ಪದ ಈಗ ಎಷ್ಟು ಮುದ್ದಾಗಿ ಕಂಡಿತು! ತನ್ನ ಬಗ್ಗೆಯೇ ಅವಳಿಗೆ ಅಸಹ್ಯವಾಯಿತು. ಬಸ್ಸಿನಲ್ಲಿ ಹಿಂದೆ ಕೂತ ನಲವತ್ತು ಮಕ್ಕಳನ್ನು ಕನ್ನಡಿಯಲ್ಲಿ ಕಾದವಳು, ತನ್ನ ಒಳಗೆ ಕೂತದ್ದನ್ನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

“ಆರನೇ ಸಾಲಲ್ಲಿ ಹೆಸರು ತಪ್ಪಾಗಿದೆ,” ಎಂದಳು ಸಣ್ಣ ದನಿಯಲ್ಲಿ.

“ಏನಂತೆ? ಕೇಳಿಸ್ತಿಲ್ಲ!” ಎಂದು ಹಿಂದಿನಿಂದ ಅರ್ಬ್ಯೂಟಸ್ ಅಜ್ಜಿ ಕೂಗಿದಳು.

ವರ್ಲೀನ್ ಎದ್ದು ನಿಂತಳು. ಬಸ್ಸಿನ ಗಂಟಲು ತೆಗೆದಳು.

“ಹೆಸರು ತಪ್ಪು ಅಂದೆ, ಅಜ್ಜಿ! ಅಲ್ಲಿ ನನ್ನ ಹೆಸರಿರ್ಬೇಕಿತ್ತು! ಅಕ್ಕ ಪ್ರತಿ ವಾರ ಫೋನ್ ಮಾಡ್ತಾಳೆ, ಎತ್ತದೋಳು ನಾನು!” ಇನ್ನು ನಿಲ್ಲಿಸುವುದು ಅವಳ ಕೈಲಿ ಇರಲಿಲ್ಲ. ಅಕ್ಕನ ಕಡೆ ತಿರುಗಿದಳು. “ಅಮ್ಮ ಕೊನೇ ದಿನ ಕಣ್ಣು ಬಿಟ್ಟು, ನನ್ನ ಮುಖ ನೋಡಿ, ‘ಒಲೀಟಾ, ಬಂದ್ಯಾ’ ಅಂದ್ಲು ಕಣೇ. ಒಂಬತ್ತು ವರ್ಷ ತಿನ್ನಿಸಿದ ಕೈ ನಂದು, ಬಾಯಲ್ಲಿ ಬಂದ ಹೆಸರು ನಿಂದು. ‘ಹೂಂ ಅಮ್ಮ, ಬಂದೆ’ ಅಂದೆ ನಾನು. ನೀನೇ ಅನ್ನೋ ಹಾಗೆ ಹೇಳ್ದೆ. ನಗ್ತಾ ಪ್ರಾಣ ಬಿಟ್ಲು. ಆವತ್ತಿಂದ ಅಮ್ಮನ ಮೇಲೆ ನಂಗೆ ಎಷ್ಟು ಸಿಟ್ಟು ಗೊತ್ತಾ? ಸತ್ತೋಳ ಮೇಲೆ ಸಿಟ್ಟು ಅಂತ ಯಾರ ಹತ್ರ ಹೇಳ್ಲಿ? ಎಲ್ಲಾನೂ ನಿನ್ನ ತಲೆಗೆ ಕಟ್ಟಿ, ದೇವರ ಮುಂದೆ ಓದಿಸ್ದೆ.”



“ಈಗ ಕೇಳಿಸ್ತು,” ಎಂದಳು ಅರ್ಬ್ಯೂಟಸ್ ಅಜ್ಜಿ, ಮೆಲ್ಲಗೆ.

ಒಲೀಟಾ ಅಜ್ಜಿಯ ಹತ್ತಿರ ಪೆನ್ಸಿಲ್ ಇಸಿದುಕೊಂಡಳು. ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಏನೋ ಬರೆದಳು. ಆಮೇಲೆ ಊರುಗೋಲು ಊರಿ ಎದ್ದಳು.

“ನನ್ನ ಹೆಸರು ಹೊಡೆದು ಹಾಕ್ಬೇಡ ವರ್ಲೀನ್. ಕಾರ್ಖಾನೇಲಿ ರಜ ಕೊಡಲ್ಲ ಅಂತ ನಿಂಗೆ ಹೇಳ್ತಿದ್ದೆನಲ್ಲ, ನಾನು ರಜ ಕೇಳ್ಲೇ ಇಲ್ಲ ಕಣೇ. ಅಮ್ಮನ ಸೊಟ್ಟ ಬಾಯಿ ನೋಡೋಕೆ ಹೆದರ್ಕೊಂಡೆ. ಒಂಬತ್ತು ವರ್ಷ ಹೆದರ್ಕೊಂಡೇ ಇದ್ದೆ.” ಕಾಗದ ಎತ್ತಿ ತೋರಿಸಿದಳು. “ನಿನ್ನ ಹೆಸರನ್ನ ನನ್ನ ಪಕ್ಕದಲ್ಲೇ ಬರ್ದಿದೀನಿ. ಜೊತೆಗಿರ್ಲಿ.”

ಬ್ರದರ್ ಡೆನ್ವರ್‌ನ ಪ್ರಾರ್ಥನೆ ಅಂದರೆ ಅರ್ಧ ಗಂಟೆಗೆ ಕಡಿಮೆಯಿಲ್ಲ. ಆವತ್ತು ಅವನು ಇಬ್ಬರ ಹೆಸರು ಓದಿ, ಆಮೆನ್ ಅಂದುಬಿಟ್ಟ.

ಅಕ್ಕತಂಗಿಯರು ಅಪ್ಪಿಕೊಂಡು ಅತ್ತರು ಎಂದು ಹೇಳಿದರೆ ಸುಳ್ಳಾದೀತು. “ಊಟ ಆಯ್ತಾ?” ಎಂದಳು ವರ್ಲೀನ್. “ಇಲ್ಲ,” ಎಂದಳು ಒಲೀಟಾ. ಮನೆಗೆ ಹೋಗಿ ಬ್ರೆಡ್ಡು ಮಜ್ಜಿಗೆ ತಿಂದರು. ಎರಡು ದಿನ ಜೊತೆಗಿದ್ದರು, ಮೂರು ಸಲ ಜಗಳವಾಡಿದರು. ಶುಕ್ರವಾರ ಒಲೀಟಾ ಊರಿಗೆ ಹೊರಟಳು.

ಶನಿವಾರವೇ ವರ್ಲೀನ್ ಮುಂದಿನ ಪಟ್ಟಿ ಬರೆದಿಟ್ಟಳು. ಆರನೇ ಸಾಲು: ‘ವರ್ಲೀನ್. ಅಕ್ಕನ ಮೇಲಿನ ಸಿಟ್ಟು ಅರ್ಧ ಇಳಿದಿದೆ. ಅಮ್ಮನ ಮೇಲಿನದು ಹಾಗೇ ಇದೆ. ಬೇಡಿಕೊಳ್ಳಿ.’

ಭಾನುವಾರ ಊಟವಾದ ಮೇಲೆ ಫೋನ್ ಬಡಿದುಕೊಂಡಿತು. ಅವಳ ಕೈತುಂಬ ಸೋಪಿನ ನೊರೆ. ಒರೆಸಿಕೊಳ್ಳುವಷ್ಟೂ ತಡೆಯದೆ ಒದ್ದೆ ಕೈಯಲ್ಲೇ ಎತ್ತಿದಳು.

“ಹೇಳಕ್ಕಾ,” ಎಂದಳು.